ಎರಡನೇ ದಿನ ಹಾಡದ ಟೀಚರ್

ಪಾರ್ಶ್ವವಾಯು ಹೊಡೆದ ಮೇಲೆ ನಮ್ಮ ಸಂಗೀತ ಟೀಚರ ಎಡಗೈ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡಿದ್ದವು. ಪಾಠಕ್ಕೆ ಮುಂಚೆ ಬಲಗೈಯಿಂದ ಅವನ್ನು ಒಂದೊಂದಾಗಿ ಬಿಡಿಸಿ ಕೀಬೋರ್ಡಿನ ಮೇಲಿಡುತ್ತಿದ್ದರು. ಹಾಡು ಮುಗಿಯುವುದರೊಳಗೆ ಅವು ಮತ್ತೆ ಮಡಚಿರುತ್ತಿದ್ದವು. ಕಾಲಿಗೂ ಬಲವಿರಲಿಲ್ಲ; ಮನೆಯೋ ಮಣಿಪಾಲದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಆರು ವರ್ಷ ಅವರು ಕೆಳಗಿಳಿದಿರಲಿಲ್ಲ. ಕಿಟಕಿಯಾಚೆ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಮಾತ್ರ. "ಆ ಟ್ಯಾಂಕಿಗೆ ಕೇಳುವ ಹಾಗೆ ಹಾಡು," ಎನ್ನುತ್ತಿದ್ದರು.

ನಾನು ಕಾಪುವಿನ ಮೀನುಗಾರರ ಮನೆಯವಳು. ಊರಿನ ಭಜನಾ ಮಂದಿರದ ವಾರ್ಷಿಕೋತ್ಸವದಲ್ಲಿ ಅವರು ಕಲಿಸಿದ ಇಟಾಲಿಯನ್ ಹಾಡು ಹಾಡಿದೆ. ಸ್ವರ ಮೇಲೇರುತ್ತಿದ್ದಂತೆ ಹಿಂದಿನ ಸಾಲಿನವರು ನಾಯಿಯಂತೆ ಊಳಿಟ್ಟರು. ಸಭೆಯಿಡೀ ನಕ್ಕಿತು. ಅಪ್ಪ ತಲೆ ತಗ್ಗಿಸಿ ಕೂತರು. ಮರುದಿನದಿಂದ ನಾನು ಮನೆಯ ಹೊಸ್ತಿಲು ದಾಟಲಿಲ್ಲ; ಅಂಗಡಿಯ ಮುಂದೆಯೂ ಯಾರೋ ಊಳಿಡುತ್ತಾರೆಂಬ ಭಯ. ಟೀಚರ ಫೋನನ್ನೂ ಎತ್ತಲಿಲ್ಲ.

ಹನ್ನೆರಡನೆಯ ದಿನ ಅಂಗಳದಲ್ಲಿ ರಿಕ್ಷಾ ನಿಂತಿತು. ಒಳಗೆ ಟೀಚರ್! ವಾಚ್‌ಮನ್ ಮತ್ತು ರಿಕ್ಷಾದವರು ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ಮಹಡಿಯಿಂದ ಇಳಿಸಿದ್ದರಂತೆ. ರಿಕ್ಷಾದಲ್ಲೇ ಕುಳಿತು ನನ್ನನ್ನು ಹೊರಗೆ ಕರೆಸಿಕೊಂಡರು.

"ಇಟಲಿಯಲ್ಲಿ ಒಂದು ಒಪೆರಾ ಉಂಟು ಮಾರಾಯ್ತಿ. ಮೊದಲ ದಿನ ಜನ ಕೂಗಿ ಕೂಗಿ ಹಾಳು ಮಾಡಿದ್ರು. ವೇದಿಕೆಗೆ ಬೆಕ್ಕು ಬಂತಂತೆ, ಎಲ್ಲರೂ ಮಿಯಾಂವ್ ಅಂದ್ರಂತೆ. ಎರಡನೇ ದಿನ ಸಂಗೀತ ಮಾಡಿದವನು ಹೆದರಿ ಮನೆಯಲ್ಲೇ ಕೂತ. ಬೀದಿಯಲ್ಲಿ ಗದ್ದಲ ಕೇಳಿ, ಹೊಡೆಯಲಿಕ್ಕೆ ಬಂದ್ರು ಅಂತ ಅಡಗಿದ. ಅವರು ಬಂದದ್ದು ಹೊಗಳಲಿಕ್ಕೆ! ಇನ್ನೂರು ವರ್ಷ ಆಯ್ತು, ಇನ್ನೂ ಆಡ್ತಾರೆ."

"ಅವನು ದೊಡ್ಡ ಮನುಷ್ಯ ಟೀಚರ್."

"ಅವನು ಮನೆಯಲ್ಲಿ ಕೂತ್ರೂ ಹಾಡುವವರು ಎರಡನೇ ದಿನ ವೇದಿಕೆಗೆ ಹೋಗಿದ್ರು, ಅಲ್ವಾ?" ಬಲಗೈಯಿಂದ ಎಡಗೈ ಬೆರಳುಗಳನ್ನು ಬಿಡಿಸತೊಡಗಿದರು. "ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನ ಹಾಡಿಗೂ ಹೀಗೇ ನಕ್ಕಿದ್ರು. ಎರಡನೇ ದಿನ ನಾನು ಹೋಗಲಿಲ್ಲ. ಆಮೇಲೆ ಸಭೆಯ ಎದುರು ಹಾಡಲೇ ಇಲ್ಲ. ಕಾಲು ಹೋದದ್ದು ಈಗ. ನಾನು ಒಳಗೆ ಕೂತದ್ದು ಆವತ್ತೇ."

ಮುಂದಿನ ತಿಂಗಳು ಊರ ಶಾಲೆಯ ವಾರ್ಷಿಕೋತ್ಸವದಲ್ಲಿ ಅದೇ ಹಾಡು ಹಾಡಿದೆ. ಈ ಸಲ ಯಾರೂ ಊಳಿಡಲಿಲ್ಲ. ಮೀನು ಮಾರುವ ನಮ್ಮ ದೊಡ್ಡಮ್ಮ ವೇದಿಕೆಯ ಹತ್ತಿರವೇ ಬಂದು, "ಅರ್ಥ ಎಂತದೂ ಆಗಲಿಲ್ಲ. ಇನ್ನೊಮ್ಮೆ ಹಾಡು ಮಗಾ," ಎಂದರು.

ಫೋನಿನಲ್ಲಿ ಟೀಚರಿಗೆ ಹೇಳಿದೆ. "ಹಾಗಾದರೆ ಮೂರನೇ ಸಲಕ್ಕೆ ತಯಾರಾಗು," ಎಂದರು.

ಮೂರನೇ ಸಲ ಹಾಡಿದ್ದು ಕಲ್ಯಾಣಪುರದ ಇಗರ್ಜಿಯಲ್ಲಿ, ಟೀಚರ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು. ಸ್ವರ ಎರಡು ಕಡೆ ಒಡೆಯಿತು. ಯಾರೂ ನಗಲಿಲ್ಲ. ನಕ್ಕಿದ್ದರೂ ನಾನು ನಿಲ್ಲಿಸುತ್ತಿರಲಿಲ್ಲ.