ಮಬ್ಬು ಬೀರು, ಲಾಲಸಾಬ ಕಾಕಾನ ಮೂಗು

ನನ್ನ ಮುಖದ ನಡುವೆ ಒಂದು ಮೂಗಿದೆ. ಕನ್ನಡಕ ಕೂರಿಸಲು ಬಹಳ ಅನುಕೂಲ. ಅದಕ್ಕಿಂತ ಹೆಚ್ಚಿನ ಕೆಲಸ ಅದು ಮಾಡಿದ್ದು ನನಗೆ ನೆನಪಿಲ್ಲ. ಅನ್ನ ಸೀದದ್ದು ನನಗೆ ತಿಳಿಯುವುದು ತಾಟಿಗೆ ಬಿದ್ದ ಮೇಲೆ, ಹಾಲು ಕೆಟ್ಟದ್ದು ತಿಳಿಯುವುದು ಚಹಾ ಗಂಟಲಿಗೆ ಇಳಿದ ಮೇಲೆ. ಹೀಗಿದ್ದೂ ನಮ್ಮ ಬಂಧುಬಳಗದಲ್ಲಿ ನಾನು ರುಚಿ ಬಲ್ಲವನೆಂದು ಹೆಸರಾಗಿದ್ದೆ. ಅದಕ್ಕೆ ಕಾರಣ ನನ್ನ ಮಾಸ್ತರಿಕೆ. ಗಡಿಯಂಚಿನ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ವರ್ಷಗಟ್ಟಲೆ ಕೆಂಪು ಪೆನ್ನು ಹಿಡಿದವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಕಲ್ಲಂಗಡಿಯನ್ನು ಬೆರಳಿನಿಂದ ಬಡಿದು, ಕಣ್ಣು ಮುಚ್ಚಿ, ‘ಇನ್ನೂ ಎರಡು ದಿನ ಬೇಕು’ ಎಂದು ತೀರ್ಪು ಕೊಡುತ್ತಿದ್ದೆ. ಎರಡು ದಿನ ಕಾದು ನನ್ನನ್ನು ಪರೀಕ್ಷಿಸುವ ತಾಳ್ಮೆ ಯಾರಿಗೂ ಇರಲಿಲ್ಲ, ದೇವರ ದಯೆ.

ಈ ಹೆಸರೇ ಒಮ್ಮೆ ನನ್ನನ್ನು ಸಿಕ್ಕಿಸಿತು. ಹೊಸ ಶತಮಾನದ ಎರಡನೆಯ ಹತ್ತು ವರ್ಷ ಮುಗಿಯುತ್ತ ಬಂದಿದ್ದವು. ನನ್ನ ಹೆಂಡತಿ ಗಿರಿಜೆಯ ತಮ್ಮ ಮಲ್ಲು ಪುಣೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಅಡುಗೆಮನೆಯ ಪಕ್ಕದಲ್ಲೇ ಆಳೆತ್ತರದ ಸ್ಟೀಲಿನ ಹಂಡೆಗಳನ್ನಿಟ್ಟು ಬೀರು ತಯಾರಿಸುತ್ತಿದ್ದರಂತೆ. ಬೇಸಿಗೆಯಲ್ಲಿ ನಾಲ್ಕು ದಿನದ ರಜೆಯ ಮೇಲೆ ನಮ್ಮೂರು ಬಿಳೂರಿಗೆ ಬಂದವನು ನನ್ನನ್ನು ಗುಟ್ಟಾಗಿ ದಾಳಿಂಬೆ ತೋಟಕ್ಕೆ ಕರೆದ. ಒದ್ದೆ ಗೋಣಿಚೀಲದೊಳಗಿಂದ ಎರಡು ಬಾಟಲಿ ತೆಗೆದ. ಮಾಲೀಕರು ಹೊಸ ಜಾತಿಯದೊಂದನ್ನು ಪ್ರಯೋಗ ಮಾಡಿದ್ದಾರೆ, ಕುಡಿದವರ ಅಭಿಪ್ರಾಯ ಬರೆಸಿಕೊಂಡು ಬಾ ಎಂದಿದ್ದಾರೆ ಎಂದು ಒಂದು ಹಾಳೆಯನ್ನೂ ಮುಂದಿಟ್ಟ. ಬಣ್ಣ, ನೊರೆ, ವಾಸನೆ, ರುಚಿ, ಕಹಿ ಎಂದು ಮನೆಗಳು. ಒಂದೊಂದಕ್ಕೂ ಹತ್ತು ಅಂಕ.

“ಮಾಮಾ, ನೀವು ಜಲ್ಮ ಎಲ್ಲಾ ಮಾರ್ಕ ಹಾಕಿದವರು. ನಿಮ್ಮನ್ನ ಬಿಟ್ಟು ಮತ್ಯಾರನ್ನ ಕೇಳ್ಲಿ?” ಎಂದ.

ನಮ್ಮದು ಹಣೆಗೆ ಈಬತ್ತಿ ಹಚ್ಚದೆ ಊಟಕ್ಕೆ ಕೂರದ ಮನೆ. ಬೀರು ಎಂಬುದನ್ನು ನಾನು ಅದಕ್ಕೂ ಮೊದಲು ಎರಡು ಸಲ ಕುಡಿದಿದ್ದೆ, ಎರಡೂ ಸಲ ಸೊಲ್ಲಾಪುರದಲ್ಲಿ, ಎರಡೂ ಸಲ ಬೇರೆಯವರ ಖರ್ಚಿನಲ್ಲಿ. ಆದರೆ ಮಾರ್ಕು ಹಾಕು ಎಂದರೆ ಮಾಸ್ತರನ ಕೈ ಸುಮ್ಮನಿರುತ್ತದೆಯೇ? ಮಲ್ಲು ಗಾಜಿನ ಗ್ಲಾಸಿಗೆ ಸುರಿದ. ಮಾವಿನ ರಸಕ್ಕೆ ನೀರು ಬೆರೆಸಿದ ಹಾಗೆ ಮಬ್ಬುಮಬ್ಬಾಗಿತ್ತು. ಗ್ಲಾಸಿನ ಹಿಂದೆ ಹಿಡಿದ ಬೆರಳು ಕಾಣುತ್ತಿರಲಿಲ್ಲ. ‘ಕೆಟ್ಟಿದೆಯಲ್ಲೋ, ಸೋಸಿಲ್ಲ’ ಎಂದೆ. ಸೋಸಬಾರದು, ಹೀಗೇ ಇರಬೇಕು ಎಂದ. ಏನೇನು ಹಾಕಿದ್ದಾರೆ ಎಂದು ಕೇಳಿದೆ. ಜವೆಗೋಧಿ, ಓಟ್ಸು, ಈಸ್ಟು, ನೀರು, ಹೊರದೇಶದಿಂದ ತರಿಸಿದ ಒಂದು ಕಹಿ ಹೂವು, ಇಷ್ಟೇ ಎಂದ. ಮತ್ತೇನೂ ಹೇಳಬಾರದೆಂದು ಮಾಲೀಕರ ಅಪ್ಪಣೆಯಂತೆ.

ಒಂದು ಗುಟುಕು ಕುಡಿದೆ. ಕಹಿ ನಾಲಗೆಯ ಬುಡದಲ್ಲಿ ಕೂತಿತು, ಏಳಲೊಲ್ಲದು. ಇನ್ನೊಂದು ಗುಟುಕಿಗೆ ಅದಕ್ಕೆ ಒಗ್ಗಿಕೊಂಡೆ. ಬಣ್ಣಕ್ಕೆ ಆರು, ನೊರೆಗೆ ಏಳು, ಕಹಿಗೆ ಉದಾರವಾಗಿ ಎಂಟು ಹಾಕಿದೆ. ವಾಸನೆಯ ಮನೆಗೆ ಬಂದಾಗ ಪೆನ್ನು ನಿಂತಿತು. ಗ್ಲಾಸಿನೊಳಗೆ ಮೂಗು ತೂರಿಸಿ, ಕನ್ನಡಕಕ್ಕೆ ನೊರೆ ಹತ್ತಿಸಿಕೊಂಡು, ಕೊನೆಗೆ ‘ಬೀರಿನ ಹಾಗೆ ಇದೆ’ ಎಂದು ಬರೆದೆ. ಮಲ್ಲು ಅದನ್ನು ಓದಿ ನನ್ನ ಕಡೆ ನೋಡಿದ ನೋಟ ನನಗೆ ಗುರುತಿನದೇ. ‘ಹಸುವಿನ ಬಗ್ಗೆ ಬರೆಯಿರಿ’ ಎಂದರೆ ‘ಹಸು ಹಸುವಿನ ಹಾಗೆ ಇರುತ್ತದೆ’ ಎಂದು ಬರೆದವರನ್ನು ನಾನು ಹಾಗೇ ನೋಡುತ್ತಿದ್ದೆ. ಎರಡನೆಯ ಬಾಟಲಿ ನಿಮ್ಮ ಹತ್ತಿರವೇ ಇರಲಿ, ಇನ್ನೊಮ್ಮೆ ನೋಡಿ ಬರೆಯಿರಿ ಎಂದು ಕೊಟ್ಟ.

ಯಾಲಕ್ಕಿ ಜಗಿಯುತ್ತ ಮನೆಗೆ ಬಂದೆ. ಗಿರಿಜೆ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: “ಯಾಲಕ್ಕಿ ಚಲೋ ಐತಿ. ಅದರ ಹಿಂದಿಂದು ಏನದು?” ಈ ಹೆಂಗಸಿನ ಎದುರು ನಾನು ಇಷ್ಟು ವರ್ಷ ರುಚಿ ಬಲ್ಲವನೆಂದು ಮೆರೆದೆನಲ್ಲ ಎಂದು ಆಗ ಸ್ವಲ್ಪ ನಾಚಿಕೆಯಾಯಿತು. ತಮ್ಮನ ಹೆಸರು ಹೇಳಿ ಬಚಾವಾದೆ.

ಮರುದಿನ ಜತ್ತದ ಸಂತೆ. ಅಲ್ಲಿ ನನ್ನ ಕಷ್ಟಕ್ಕೆ ಒದಗುವ ಒಬ್ಬರಿದ್ದರು. ತಿಕೋಂಡಿಯ ಲಾಲಸಾಬ ಕಾಕಾ. ಎಪ್ಪತ್ತು ದಾಟಿದ ಅತ್ತರಿನ ವ್ಯಾಪಾರಿ. ಬೆರಳುದ್ದದ ಸೀಸೆಗಳು ತುಂಬಿದ ಒಂದು ಮರದ ಪೆಟ್ಟಿಗೆ, ಪಕ್ಕದಲ್ಲಿ ಮಡಿಚಿಟ್ಟ ಹಳೆಯ ಕಂಬಳಿ, ಇಷ್ಟೇ ಅವರ ಅಂಗಡಿ. ಆ ಕಂಬಳಿ ಚಳಿಗಲ್ಲ. ಮಾಡಗ್ಯಾಳದ ಕುರಿಗಾರರೊಬ್ಬರು ಕೊಟ್ಟದ್ದಂತೆ. ಒಂದು ಅತ್ತರು ಮೂಸಿದ ಮೇಲೆ ಇನ್ನೊಂದನ್ನು ಮೂಸುವ ಮುಂಚೆ ಕಾಕಾ ಅದರ ತುದಿಯನ್ನೆತ್ತಿ ಮೂಗಿಗೆ ಹಿಡಿಯುತ್ತಿದ್ದರು. ಕುರಿಯ ವಾಸನೆ ಹಿಂದಿನದನ್ನೆಲ್ಲ ಅಳಿಸುತ್ತದೆ, ಪಾಟಿ ಒರೆಸಿದ ಹಾಗೆ. ಸ್ಪಿರಿಟ್ಟು ಬೆರೆಸಿದ ಸೆಂಟನ್ನು ಅವರು ಮುಟ್ಟುತ್ತಿರಲಿಲ್ಲ. ಎಣ್ಣೆಯ ಅತ್ತರೇ ಅವರ ವ್ಯಾಪಾರ: ಹೀನಾ, ಮೋಗರಾ, ಗುಲಾಬ, ಖಸ್. ತಮ್ಮ ಹಿರಿಯರು ವಿಜಾಪುರದ ಬಾದಶಹರಿಗೆ ಅತ್ತರು ಕೊಟ್ಟವರೆಂದು ಹೇಳುತ್ತಿದ್ದರು. ಬಾದಶಹರ ಪೈಕಿ ಯಾರೂ ಇಲ್ಲವೆನ್ನಲು ಬರಲಿಲ್ಲವಾದ್ದರಿಂದ ನಾವೂ ನಂಬಿದ್ದೆವು.

ಆದರೆ ಆ ಬೇಸಿಗೆಯಲ್ಲಿ ಕಾಕಾ ಮೊದಲಿನಂತಿರಲಿಲ್ಲ. ಒಂದು ಮದುವೆಯ ಮನೆಯವರು ಒಯ್ದಿದ್ದ ಖಸ್ ಸೀಸೆಯನ್ನು ತಿರುಗಿ ತಂದು, ಇದು ಖಸ್ ಅಲ್ಲ, ಬರೀ ಮಣ್ಣಿನ ವಾಸನೆ ಎಂದು ನಾಲ್ಕು ಜನರ ಮುಂದೆ ಹೇಳಿ ಹೋಗಿದ್ದರು. ಖಸ್ ಎಂದರೆ ನಾವು ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆಗೆ ಹಾಕುವ ವಾಳದ ಬೇರು, ಅಂದರೆ ಲಾವಂಚ. ಬೇರಿನಿಂದ ಮಣ್ಣಿನ ವಾಸನೆ ಬಾರದೆ ಮತ್ತೇನು ಬಂದೀತು? ಮದುವೆಯವರಿಗೆ ಗೊತ್ತಿದ್ದ ಖಸ್ ಹಸಿರು ಶರಬತ್ತಿನದು. ಇದೆಲ್ಲ ನನಗೆ ಈಗ ಹೊಳೆಯುತ್ತಿದೆ. ಆಗ ಕಾಕಾನಿಗೆ ಹೊಳೆದದ್ದು ಒಂದೇ: ತಮ್ಮ ಮೂಗು ಹೋಗುತ್ತಿದೆ. “ಕಣ್ಣು ಹ್ವಾದ್ರ ಕೈ ಹಿಡಿಯಾವ್ರು ಸಿಗ್ತಾರ ಮಾಸ್ತರ್ರ. ಮೂಗು ಹ್ವಾದ್ರ ಯಾರನ್ನ ಕರೀಲಿ?” ಎಂದು ಒಂದು ಸಂತೆಯಲ್ಲಿ ಕೇಳಿದ್ದರು. ನಾನು ಏನೋ ಸಮಾಧಾನ ಹೇಳಿ ತರಕಾರಿ ಕೊಳ್ಳಲು ಹೋಗಿದ್ದೆ.

ಸಂತೆಯ ಗದ್ದಲ ಇಳಿದ ಮೇಲೆ ಬಾಟಲಿ, ಗ್ಲಾಸು ಇದ್ದ ಚೀಲ ಹಿಡಿದು ಅವರ ಹತ್ತಿರ ಹೋದೆ. ಮುಚ್ಚಿಡಲಿಲ್ಲ. ಇದು ಬೀರು ಕಾಕಾ, ಕುಡಿಯಬೇಡಿ, ವಾಸನೆ ಮಾತ್ರ ಹೇಳಬೇಕು ಎಂದೆ. ಅವರು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡರು.

“ಕುಡಿಯಾಂವಲ್ಲ, ಮುಟ್ಟಾಂವನೂ ಅಲ್ಲ. ನೀವ ಹಿಡೀರಿ. ಗಾಳಿ ಬಂದು ಮೂಗಿಗೆ ಬಡದ್ರ ಅದು ನನ್ನ ತಪ್ಪಲ್ಲ.”

ಪೆಟ್ಟಿಗೆ, ಕಂಬಳಿ ಎತ್ತಿಕೊಂಡು ಸಂತೆಯ ಹಿಂದಿನ ಬೇವಿನ ಗಿಡದ ಕೆಳಗೆ ಬಂದರು. ಅಲ್ಲಿ ನಾನು ಎರಡೂ ಕೈಯಲ್ಲಿ ಗ್ಲಾಸು ಹಿಡಿದು ನಿಂತೆ. ಕಾಕಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿದರು. ಕಂಬಳಿ ಮೂಸಿದರು, ಮತ್ತೆ ಬಾಗಿದರು. ಅವರ ಮುಖ ಬೆಳಗಿತು. “ಪ್ಯಾರಲ,” ಎಂದರು. ಸೀಬೆಹಣ್ಣಿಗೆ ನಮ್ಮ ಕಡೆಯ ಹೆಸರು ಅದು. “ಗಿಡದಾಗ ಹಣ್ಣಾಗಿ, ಗಿಣಿ ಕಚ್ಚಿದ ಪ್ಯಾರಲ. ಅದರ ಮಗ್ಗಲಕ ಮೋಸಂಬಿ ಸಿಪ್ಪಿ. ಹಿಂದ ಚೀಪಿ ಬಿಟ್ಟ ಮಾವಿನ ವಾಟಿ. ವಾಹ್! ಯಾ ತೋಟದ ಹಣ್ಣಿನ ರಸಾರೀ ಇದು?”

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ಆದರೆ ನನ್ನ ಹತ್ತಿರ ಸರಿ ಉತ್ತರದ ಪಟ್ಟಿ ಇತ್ತಲ್ಲ! ಪೇಪರು ತಿದ್ದುವಾಗ ಪರೀಕ್ಷಾ ಮಂಡಳಿಯವರು ನಮಗೆ ಹಾಗೊಂದು ಪಟ್ಟಿ ಕೊಡುತ್ತಾರೆ. ಅದರಲ್ಲಿಲ್ಲದ್ದು ಎಷ್ಟೇ ಚೆನ್ನಾಗಿದ್ದರೂ ಸೊನ್ನೆ. “ಇದರಾಗ ಒಂದೂ ಹಣ್ಣಿಲ್ಲ ಕಾಕಾ,” ಎಂದೆ. “ಜವಿಗೋದಿ, ನೀರು, ಒಂದು ಕಹಿ ಹೂವು. ಮಾಡಿದವರ ಹೇಳ್ಯಾರ.”

ಕಾಕಾ ಮತ್ತೆ ಕಂಬಳಿ ಮೂಸಿದರು. ಮತ್ತೆ ಬಾಗಿದರು. “ಪ್ಯಾರಲ,” ಎಂದರು, ಈ ಸಲ ತಮಗೇ ಹೇಳಿಕೊಂಡಂತೆ. ಆಮೇಲೆ ಮೆಲ್ಲನೆ ನೆಟ್ಟಗಾಗಿ, “ಇಲ್ಲದ್ದು ಬರಾಕತ್ತೈತಿ. ಹಂಗಾದ್ರ ಮುಗೀತು ಬಿಡ್ರಿ,” ಎಂದು ಪೆಟ್ಟಿಗೆ ಮುಚ್ಚಿದರು. ನಾನು ಅದನ್ನು ಮಾತಿಗೆ ಆಡಿದ ಮಾತೆಂದುಕೊಂಡೆ. ಮನೆಗೆ ಬಂದು ಹಾಳೆಯಲ್ಲಿ ವಾಸನೆಗೆ ಐದು ಅಂಕ ಹಾಕಿದೆ.

ಎರಡು ದಿನದ ಮೇಲೆ ಮಲ್ಲುವನ್ನು ಬಸ್ಸಿಗೆ ಹತ್ತಿಸಲು ಹೋದಾಗ ಇದನ್ನೊಂದು ನಗೆಮಾತಾಗಿ ಹೇಳಿದೆ. ಅವನು ನಗಲಿಲ್ಲ. ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದ.

“ಪ್ಯಾರಲ ಅಂದ್ರಾ? ಮಾವಿನ ವಾಟಿನೂ ಅಂದ್ರಾ? ಮಾಮಾ, ಅದ ಬರಬೇಕು! ಆ ಹೂವಿನ ಗುಣಾನ ಅದು. ಹಣ್ಣು ಹಾಕದನ ಹಣ್ಣಿನ ವಾಸನಿ ಬರೂದ ಇದರ ಕಮಾಲ. ನಮ್ಮ ಮಾಲಕರು ಇಷ್ಟು ಮಂದಿಗೆ ಕುಡಿಸ್ಯಾರ, ಒಬ್ಬರೂ ಇಷ್ಟು ಸಾಫ್ ಹೇಳಿಲ್ಲ!”

ಬಸ್ಸು ಹೋಯಿತು. ನಾನು ಸ್ಟ್ಯಾಂಡಿನಲ್ಲೇ ಕೂತೆ. ಎಷ್ಟು ವರ್ಷ ಎಷ್ಟು ಸರಿ ಉತ್ತರಗಳ ಮೇಲೆ ಕೆಂಪು ಗೀಟು ಎಳೆದಿರಬಹುದು ಎಂಬ ಲೆಕ್ಕ ತಾನಾಗಿ ತಲೆಯೊಳಗೆ ಶುರುವಾಯಿತು. ಆ ಗೀಟುಗಳನ್ನೆಲ್ಲ ಈಗ ಹೋಗಿ ಅಳಿಸಲಾಗದು. ಇದೊಂದನ್ನು ಅಳಿಸಬಹುದಿತ್ತು. ಅಂದೇ ತಿಕೋಂಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಸಂತೆಯಲ್ಲಿ ಸಿಕ್ಕೇ ಸಿಗುತ್ತಾರೆ, ಮಾತಿನ ನಡುವೆ ತೇಲಿಸಿ ಹೇಳಿದರಾಯಿತು ಎಂದುಕೊಂಡೆ. ತಪ್ಪಾಯಿತು ಎನ್ನಲು ಮಾಸ್ತರರು ಹುಡುಕುವ ದಾರಿಗಳು ಹೀಗೇ ಸುತ್ತಿನವು.

ಮುಂದಿನ ಸಂತೆಗೆ ಕಾಕಾ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವರ ಜಾಗದಲ್ಲಿ ಯಾರೋ ಪ್ಲಾಸ್ಟಿಕ್ ಬಕೆಟ್ಟು ಹರವಿದ್ದರು. ಪಕ್ಕದ ಬಳೆಗಾರ್ತಿಯನ್ನು ಕೇಳಿದೆ. “ಇನ್ನ ಬರೂದಿಲ್ಲಂತ್ರಿ. ಇಲ್ಲದ ವಾಸನಿ ಬರಾಕತ್ತಾವ, ಮಂದಿಗೆ ಹೆಂಗ ಮಾರ್ಲಿ ಅಂದ್ರು. ಪೆಟಿಗಿ ಯಾರರ ಕೊಳ್ಳಾಕ ಕೇಳಿದ್ರ ಹೇಳು ಅಂದಾರ,” ಎಂದಳು. ಐವತ್ತು ವರ್ಷದ ಒಂದು ಕಸುಬನ್ನು ನಾನು ಒಂದು ಗ್ಲಾಸು ಹಿಡಿದು ಮುಗಿಸಿದ್ದೆ. ಅಂದೇ ಮಲ್ಲುವಿಗೆ ಫೋನು ಮಾಡಿ, ಆ ಹೂವು ಒಂದು ಮುಷ್ಟಿ ಬೇಕೇಬೇಕು ಎಂದೆ. ಪುಣೆಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಪೊಟ್ಟಣ ಬಂತು.

ತಿಕೋಂಡಿಯಲ್ಲಿ ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದರು. “ಬರ್ರಿ ಮಾಸ್ತರ್ರ, ಕುಂದ್ರಿ,” ಎಂದರು. ಒಳಗೆ ಗೂಡಿನಲ್ಲಿ ಪೆಟ್ಟಿಗೆ ಕಾಣುತ್ತಿತ್ತು, ಅದರ ಮೇಲೆ ಕಂಬಳಿ. ನಾನು ನಿಂತೇ ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. “ನನ್ನ ಸಮಾಧಾನ ಮಾಡಾಕ ಇಷ್ಟು ದೂರ ಬಂದ್ರಿ, ಭಾಳ ಆತು. ಚಾ ಕುಡೀರಿ.” ನಂಬಲಿಲ್ಲ.

ಪೊಟ್ಟಣ ಬಿಚ್ಚಿದೆ. ಹಸಿರು ಮಾಸಿದ, ಕಾಗದದಂಥ ಪಕಳೆಗಳ ಒಣಗಿದ ಹೂವುಗಳು. “ಇದು ಬರೀ ಹೂವು ಕಾಕಾ, ದಾರೂ ಅಲ್ಲ. ಮುಟ್ರಿ.” ಅವರು ಎರಡನ್ನು ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿದರು. ಮೂಸಿದರು. ಎದ್ದು ಒಳಗೆ ಹೋಗಿ ಕಂಬಳಿ ತಂದರು, ಅದನ್ನು ಮೂಸಿದರು, ಮತ್ತೆ ಅಂಗೈ ಮೂಸಿದರು. ಆಮೇಲೆ ಆ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. “ನೀವು ನೋಡ್ರಿ. ಏನು ಬರತೈತಿ?”

ನನಗೆ ಬಂದದ್ದು ಒಣಹುಲ್ಲಿನ ವಾಸನೆ. ‘ಪ್ಯಾರಲ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅಂದುಬಿಟ್ಟರೆ ಆ ಮುದುಕರಿಗೆ ಎಷ್ಟು ಸಂತೋಷ! ಆದರೆ ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿಯೇ ಅಲ್ಲವೇ ಇಲ್ಲಿಯತನಕ ಬಂದದ್ದು?

“ಹುಲ್ಲಿನ ವಾಸನಿ ಬರತೈತಿ ಕಾಕಾ. ಮತ್ತೇನೂ ಇಲ್ಲ. ಖರೇ ಅಂದ್ರ, ನನಗ ಯಾವತ್ತೂ ಯಾವ ವಾಸನಿನೂ ನೆಟ್ಟಗ ತಿಳಿದಿಲ್ಲ.”

ಕಾಕಾ ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವತನಕ ನಕ್ಕರು. “ನನಗ ಇದರಾಗೂ ಪ್ಯಾರಲ ಬರತೈತಿ. ಹಂಗಾದ್ರ ಹ್ವಾದದ್ದು ನನ್ನ ಮೂಗಲ್ಲ!” ಎಂದು ತೊಡೆ ತಟ್ಟಿಕೊಂಡರು. “ಮೂಗಿಲ್ಲದ ಮಾಸ್ತರನ ಮಾತು ಕೇಳಿ ನಾ ಅಂಗಡಿ ಮುಚ್ಚಿ ಕುಂತಿನಲ್ಲಪಾ!” ಬೈಸಿಕೊಂಡು ಇಷ್ಟು ಹಗುರಾದದ್ದು ನನಗೆ ಅದೇ ಮೊದಲು.

ಪೆಟ್ಟಿಗೆ ಕೆಳಗಿಳಿಯಿತು. ಒಂದು ಸೀಸೆ ತೆಗೆದು, ಹತ್ತಿಯ ತುಣುಕಿಗೆ ಮುಟ್ಟಿಸಿ, ನನ್ನ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿದರು. ನಗು ನಿಂತಿತ್ತು. “ಪ್ಯಾರಲದ್ದು ಸರಿ ಆತು. ಇದು ಮದುವಿಯವರು ತಿರಿಗಿ ಕೊಟ್ಟ ಖಸ್ ಸೀಸಿ. ಮನಿಗೆ ಹೋಗ್ರಿ, ಯಾರಿಗೂ ಹೆಸರು ಹೇಳಬ್ಯಾಡ್ರಿ. ಯಾರರ ತಾವಾಗೇ ಏನರ ಅಂದ್ರ ನನಗ ಬಂದು ಹೇಳ್ರಿ. ಏನೂ ಅನಲಿಲ್ಲಂದ್ರೂ ಹೇಳ್ರಿ.”

ಬಸ್ಸಿನಲ್ಲಿ ಯಾರೂ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಕಿವಿಯನ್ನು ಒಬ್ಬೊಬ್ಬರ ಕಡೆ ತಿರುಗಿಸಿ ಕೂತೆ. ಕುತ್ತಿಗೆ ನೋಯಿತು ಅಷ್ಟೇ. ಮನೆಯ ಹೊಸ್ತಿಲು ದಾಟಿದೆ. ಗಿರಿಜೆ ಬೆನ್ನು ತಿರುಗಿಸಿ ಜೋಳ ಕೇರುತ್ತಿದ್ದಳು. ಮೊರ ನಿಂತಿತು.

“ಗಡಿಗಿಗೆ ವಾಳಾ ತಂದ್ರೇನು? ಚಲೋ ಆತು ಬಿಡ್ರಿ. ಹ್ವಾದ ವರ್ಷದ್ದು ಇಷ್ಟು ಘಮ ಇರಲಿಲ್ಲ,” ಎಂದಳು.

ಕಳಚಿದ್ದ ಚಪ್ಪಲಿಯನ್ನು ನಾನು ಮತ್ತೆ ಮೆಟ್ಟಿಕೊಂಡೆ. ಈಗ ಬಂದು ಈಗೆಲ್ಲಿಗೆ ಎಂದು ಅವಳು ಕೂಗುತ್ತಿದ್ದಳು. ತಿಕೋಂಡಿಗೆ ಹೋಗುವ ಸಂಜೆಯ ಬಸ್ಸು ಇನ್ನೂ ಹೊರಟಿರಲಿಲ್ಲ.