ಬಿಕ್ಕಳಿಕೆ ವೈದ್ಯ

ಆತ ವೈದ್ಯನಲ್ಲ. ವಿಮಾನದ ಇಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್. ಆದರೂ ಶೆಡ್ಡಿನಲ್ಲಿ ಎಲ್ಲರೂ ಬಿಕ್ಕಳಿಕೆ ವೈದ್ಯ ಎಂದೇ ಕರೆಯುತ್ತಿದ್ದರು. ಗಾಳಿ ಸರಿಯಾಗಿ ಸಿಗದೆ ಜೆಟ್ ಇಂಜಿನ್ ಢಬ್ ಎನ್ನುವುದಕ್ಕೆ ಆತ ಇಟ್ಟ ಹೆಸರು ಬಿಕ್ಕಳಿಕೆ. ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ.

ಹೆಂಡತಿ ಅದನ್ನು ಕಲಿತದ್ದು ಅಡುಗೆಮನೆಯಲ್ಲಿ.

"ಮಲ್ಕೊಂಡು ನೀರು ಕುಡಿದ್ರೆ ಏನಾಗುತ್ತೆ?" ಎಂದು ಕೇಳಿದ.

"ನೆತ್ತಿಗೆ ಹತ್ತುತ್ತೆ."

"ಅದೇ ಕಣೇ. ವಿಮಾನ ತೀರಾ ಮೂಗೆತ್ತಿದ್ರೆ ಗಾಳಿ ನೆಟ್ಟಗೆ ಒಳಗೆ ಹೋಗಲ್ಲ, ಓರೆಯಾಗಿ ನುಗ್ಗುತ್ತೆ. ಇಂಜಿನ್ ಒಳಗೆ ಫ್ಯಾನ್ ಥರ ತಿರುಗೋ ರೆಕ್ಕೆಗಳಿಗೆ ಒಂದು ಕಡೆ ಹೊಟ್ಟೆತುಂಬ, ಒಂದು ಕಡೆ ಉಪವಾಸ. ಆಗ ಒತ್ತಿಟ್ಟ ಗಾಳಿ ಹಿಂದಕ್ಕೆ ಉಕ್ಕುತ್ತೆ. ಢಬ್!"

ಆತನ ಕೈಯ ಲೋಟದ ನೀರು ಚೆಲ್ಲಿತು.

"ನೆಲ ಒರೆಸೋದ್ಯಾರು, ನಿಮ್ಮ ಇಂಜಿನ್ನಾ?"

ಆತನೇ ಒರೆಸಿದ. ಒರೆಸುತ್ತಲೇ ಹೇಳಿದ: "ಆಗ ಗಾಬರಿಯಾಗಿ ಇನ್ನಷ್ಟು ಇಂಧನ ಕೊಡಬಾರ್ದು. ಬಿಕ್ಕಳಿಸೋರ ಬಾಯಿಗೆ ತುತ್ತು ತುರುಕ್ತಾರಾ? ಮೂಗು ಇಳಿಸ್ಬೇಕು, ಇಂಧನದ ಹಿಡಿಕೆ ಹಿಂದೆಳೀಬೇಕು. ಅದಾಗೇ ಉಸಿರು ಹಿಡಿಯುತ್ತೆ."

ಆತ ಜೋಡಿಸಿದ ಇಂಜಿನ್ನನ್ನು ಹಾಗೆ ಮೂಗೆತ್ತಿ ಪರೀಕ್ಷಿಸಲು ಒಬ್ಬಳು ಪೈಲಟ್ ಬಂದಳು. ಅವರಿಗೆ ಮಗಳಾಗುವ ವಯಸ್ಸು. ಪರೀಕ್ಷೆಯ ಬೆಳಿಗ್ಗೆ ಆತ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದ. "ಆ ಮಗು ನನ್ನ ಕೈ ನಂಬ್ಕೊಂಡು ಹೋಗ್ತಿದೆ" ಎಂದಷ್ಟೇ ಹೇಳಿ ಹೊರಟ.

ಮನೆ ರನ್‌ವೇ ಗೋಡೆಗೆ ಅಂಟಿಕೊಂಡಿತ್ತು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ವಿಮಾನ ಮೂಗೆತ್ತಿತು. ಇನ್ನೂ ಎತ್ತಿತು. ಢಬ್. ಮತ್ತೆ ಢಬ್.

"ಇಳ್ಸವ್ವಾ, ಮೂಗು ಇಳ್ಸು!" ಎಂದು ಆಕಾಶಕ್ಕೆ ಕೂಗಿದಳು.

ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಇಣುಕಿ, "ಯಾರ ಜೊತೆ ಜಗಳಾನೇ?" ಎಂದಳು.

ಇವಳು ತಿರುಗಲಿಲ್ಲ. ಮೂಗು ಇಳಿಯಿತು. ಸದ್ದು ತಗ್ಗಿತು. ಆಮೇಲೆ ಒಂದೇ ಸಮನೆ ಹರಿಯಿತು.

ಸಂಜೆ ಪೈಲಟ್ ಆತನ ಜೊತೆಗೇ ಮನೆಗೆ ಬಂದಳು. "ಅಮ್ಮಾ, ಬಿಕ್ಕಳಿಸ್ತು. ನಾನು ತುತ್ತು ತುರುಕಲಿಲ್ಲ" ಎಂದು ನಕ್ಕಳು. "ಇಂಜಿನ್ ಆರಲಿಲ್ಲ. ಬಿಚ್ಚಿ ನೋಡಿದ್ವಿ, ಒಂದು ರೆಕ್ಕೆನೂ ಮುಕ್ಕಾಗಿಲ್ಲ."

ಆತ ಗೋಡೆ ಕಡೆ ತಿರುಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿ ಹಾಕಿಯೇ ಇತ್ತು.

ಆತ ಹೋಗಿ ಒಂದು ಮಳೆಗಾಲ ಕಳೆಯಿತು. ಹೆಗಲು ಕೊಟ್ಟವರಲ್ಲಿ ಆ ಪೈಲಟ್ಟೂ ಇದ್ದಳು. ಈಗ ಹಿತ್ತಲ ತಂತಿ ಅರ್ಧ ಖಾಲಿ. ಎಣ್ಣೆ ಕಲೆಯ ಅಂಗಿ ಉಜ್ಜುವ ಕೆಲಸವಿಲ್ಲ.

ಮೊನ್ನೆ ಮೇಲೊಂದು ವಿಮಾನ ಢಬ್ ಎಂದಿತು. ಪಕ್ಕದ ಮನೆಯಾಕೆ ಓಡಿಬಂದಳು. "ಅಯ್ಯೋ, ಏನಾಯ್ತೇ ಅದಕ್ಕೆ?"

"ಬಿಕ್ಕಳಿಕೆ. ಈಗ ಮೂಗು ಇಳಿಸ್ತಾರೆ ನೋಡು" ಎಂದಳು ಹೆಂಡತಿ. "ಎಲ್ಲರಿಗೂ ಹೇಳಿಕೊಟ್ಟೇ ಹೋಗಿದಾರೆ ನಮ್ಮನೆಯವರು."

ಮೂಗು ಇಳಿಯಿತು.