ಹನ್ನೊಂದನೆಯ ಸಹಿ

ಆ ಬೀಗ ರಿಪೇರಿಯವನನ್ನು ಬೀದಿಯವರು ಬೆನ್ನ ಹಿಂದೆ ಅನುಮಾನದಣ್ಣ ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಂದರೆ, ಹಾಗೆ ಕರೆಯಲು ಯಾರು ಹೇಳಿಕೊಟ್ಟರೆಂದು ಮೂರು ದಿನ ವಿಚಾರಣೆ ನಡೆಸುತ್ತಿದ್ದ. ಗಡಿಯಾರ ಹನ್ನೆರಡು ಬಾರಿಸಿದರೆ, ಹದಿಮೂರನೆಯದನ್ನು ಯಾರು ಎಗರಿಸಿದರೆಂದು ಸುತ್ತ ನೋಡುವ ಆಸಾಮಿ. ಅಂಗಡಿಗೆ ಏಳು ಬೀಗ. ಬೆಳಿಗ್ಗೆ ಶುರುಮಾಡಿ ಏಳನೆಯದನ್ನು ತೆಗೆಯುವಷ್ಟರಲ್ಲಿ ಮುಚ್ಚುವ ಹೊತ್ತಾಗಿ, ಎಲ್ಲವನ್ನೂ ವಾಪಸ್ಸು ಜಡಿದು ಮನೆಗೆ ಹೋದ ದಿನಗಳೂ ಉಂಟು.

ಆ ಬೀದಿಯಲ್ಲಿ ಬೀಗದ ಅಂಗಡಿಗಳೇ ಹನ್ನೊಂದು. ಅವರಲ್ಲಿ ಹತ್ತು ಮಂದಿ ಸೇರಿ ಒಂದು ಕಾನೂನು ಮಾಡಿದರು: ಬೇರೆಯವರ ಕೀಯನ್ನು ಸೋಪಿನ ಮೇಲೆ ಒತ್ತಿ ತಂದ ಅಚ್ಚು ನೋಡಿ ಯಾರೂ ಕೀ ಮಾಡಿಕೊಡಬಾರದು, ಮಾಡಿದವನ ಅಂಗಡಿ ಒಂದು ತಿಂಗಳು ಬಂದ್. ಹತ್ತು ಸಹಿ ಬಿದ್ದವು. ಹನ್ನೊಂದನೆಯದಕ್ಕೆ ತಿಜೋರಿ ರಿಪೇರಿಯ ಹಿರಿಯ ಕಾಗದ ಹಿಡಿದು ಅನುಮಾನದಣ್ಣನ ಅಂಗಡಿಗೆ ಬಂದ.

“ನನ್ನನ್ನ ಕೇಳಿ ಮಾಡಿದ್ರಾ?” ಎಂದ ಅನುಮಾನದಣ್ಣ.

“ಈಗ ಕೇಳ್ತಿದೀನಲ್ಲಪ್ಪ.”

“ಮಾಡಿ ಮುಗಿಸಿ ಕೇಳೋದೂ ಒಂದು ಕೇಳೋದಾ? ನಾನು ಒಪ್ಪದ ಕಾನೂನು ನನಗೆ ಹೇಗೆ ಕಾನೂನಾಗುತ್ತೆ? ಇವತ್ತು ಸೋಪು ಅಂತೀರಿ. ನಾಳೆ ಹತ್ತೂ ಜನ ಸೇರಿ, ನನ್ನ ಮೂಗು ಉದ್ದ ಆಯ್ತು, ಕುಯ್ಯಬೇಕು ಅಂತೀರಿ.”

“ನಿನ್ನ ಮೂಗು ತಗೊಂಡು ನಾವೇನು ಮಾಡೋಣ ಕಣಯ್ಯಾ!”

ಹಿರಿಯ ಬರಿಗೈಲಿ ಹೋದ. ನಿಜ ಹೇಳಬೇಕೆಂದರೆ ಅನುಮಾನದಣ್ಣ ಅಚ್ಚಿನ ಕೀ ಎಂದೂ ಮಾಡಿದವನಲ್ಲ, ಮಾಡುವ ಮನಸ್ಸೂ ಇರಲಿಲ್ಲ. ಆದರೆ ಒಮ್ಮೆ ತಲೆಯಾಡಿಸಿದರೆ ತಲೆಯೇ ಅವರ ಪಾಲಾಗುತ್ತದೆಂಬ ಗುಮಾನಿ.

ವಾರ ಕಳೆಯಿತು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಮೆತ್ತಿಕೊಂಡ ನಡುವಯಸ್ಸಿನವನೊಬ್ಬ ಅಂಗಡಿಗೆ ಬಂದು, ಕರವಸ್ತ್ರ ಬಿಚ್ಚಿ ಅರ್ಧ ಸೋಪು ಮುಂದಿಟ್ಟ.

“ಇದಕ್ಕೊಂದು ಕೀ ಬೇಕಿತ್ತು. ನೀವೊಬ್ರೇ ಆ ಕಾಗದಕ್ಕೆ ಸಹಿ ಹಾಕಿಲ್ವಂತೆ. ಅದಕ್ಕೇ ಹುಡುಕ್ಕೊಂಡು ಬಂದೆ.”

ಅಣ್ಣ ಸೋಪನ್ನು ಬೆಳಕಿಗೆ ಹಿಡಿದ. ಐದು ಹಲ್ಲು; ಮೂರನೆಯದರ ತುದಿ ಕೂದಲೆಳೆಯಷ್ಟು ಓರೆ. ಹಾಗೆ ಓರೆ ಮಾಡಿದ್ದು ಇವನ ಕೈಯೇ, ಒಂದೇ ಒಂದು ಬೀಗಕ್ಕೆ: ಹಸುಗೂಸಿನ ಜೊತೆ ಒಬ್ಬಳೇ ಇರುವ ಮಗಳ ಮನೆಬಾಗಿಲಿಗೆ. ಹೋದ ವಾರವಷ್ಟೇ ಅವಳು ಮನೆಗೆ ಹಸಿರು ಬಣ್ಣ ಹೊಡೆಸಿದ್ದಳು.

ಸೋಪನ್ನು ಡ್ರಾಯರಿಗೆ ತಳ್ಳಿ ಬೀಗ ಜಡಿದು ಅವನು ಕೂಗಿದ ಕೂಗಿಗೆ, ಊರಾಚೆ ಹಾರುತ್ತಿದ್ದ ಕಾಗೆಗಳು ದಾರಿ ತಪ್ಪಿ ಇಂದಿಗೂ ಗೂಡು ಸೇರಿಲ್ಲವಂತೆ. ಹತ್ತೂ ಅಂಗಡಿಯವರು ಓಡಿ ಬಂದರು.

“ನನ್ನ ಸೋಪು ಕೊಡ್ರೀ,” ಎಂದ ಬಣ್ಣದವನು. “ಯಾವ ಕಾನೂನಲ್ಲಿ ಇಟ್ಕೊಂಡ್ರಿ?”

“ಈ ಬೀದಿ ಕಾನೂನಲ್ಲಿ,” ಎಂದ ಹಿರಿಯ.

“ಅದಕ್ಕೆ ನಾನು ಒಪ್ಪಿಲ್ಲ.”

“ನಿನ್ನ ಒಪ್ಪಿಗೆ ಯಾರಿಗೆ ಬೇಕೋ!”

ಹಾಗೆ ಗುಡುಗಿದವನು ಅನುಮಾನದಣ್ಣ. ಆ ಮಾತು ತನ್ನ ಬಾಯಿಂದಲೇ ಬಂತೋ, ಯಾರಾದರೂ ಒಳಗೆ ತುರುಕಿದರೋ ಎಂದು ಅವನು ತುಟಿ ಮುಟ್ಟಿ ನೋಡಿಕೊಂಡ.

ಇಬ್ಬರು ಬಣ್ಣದವನ ರಟ್ಟೆ ಹಿಡಿದು ಠಾಣೆಯ ದಾರಿ ತೋರಿಸಿದರು. ಹಿರಿಯ ಜೇಬಿನಿಂದ ಕಾಗದ ತೆಗೆದ.

“ಅವನು ಒಪ್ಪದಿದ್ರೂ ಅವನಿಗೆ ಅಂಟುತ್ತೆ. ನೀನು ಒಪ್ಪದಿದ್ರೆ ನಿನಗೆ ಅಂಟಲ್ವೇನಯ್ಯಾ?”

ಅಣ್ಣ ಕಾಗದವನ್ನು ತಿರುಗಿಸಿ ಬೆನ್ನು ನೋಡಿದ, ಅಂಚು ಸವರಿದ, ಮೂಸಿಯೂ ನೋಡಿದ.

“ಇದು ಸರಿ. ಆದ್ರೆ ನೀವು ಹತ್ತು ಜನ ಇದೀರಿ ಅಂತ ಸರಿಯಾಗಿದ್ದಲ್ಲ. ಒಂದು ಸಾಲು ಸೇರಿಸಿ: ಮುಂದೆ ಏನೇ ಕಾನೂನು ಮಾಡಿದ್ರೂ, ಒಪ್ಪದವನ ಎದುರಿಗೆ ಕೂತು ಕಾರಣ ಹೇಳ್ಬೇಕು.”

“ನಿನಗೆ ಕಾರಣ ಹೇಳೋಕೆ ನನ್ನ ಮೊಮ್ಮಕ್ಕಳ ಆಯಸ್ಸೂ ಸಾಲಲ್ಲ!”

“ಹಾಗಾದ್ರೆ ಸಹಿ ಇಲ್ಲ.”

ಹಿರಿಯ ಗೊಣಗುತ್ತಲೇ ಬರೆದ. ಅಣ್ಣ ಎರಡು ಸಲ ಓದಿ ಸಹಿ ಗೀಚಿದ. ಅಚ್ಚು ಒಂದೇ ಇದ್ದೀತೆಂಬ ನಂಬಿಕೆ ಏನು? ಹೊಸ ಬೀಗ ಚೀಲಕ್ಕೆ ಹಾಕಿಕೊಂಡು ಮಗಳ ಮನೆಗೆ ಓಡಿದ.

ಬಾಗಿಲ ಮುಂದೆ ಕೂತು ಒಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಮಗಳು ಹೊರಗೆ ಬಂದಳು.

“ಅಪ್ಪಾ, ನನ್ನ ಮನೆ ಬಾಗಿಲು ಅದು! ಯಾರನ್ನ ಕೇಳಿ ಬಿಚ್ತಿದೀಯ?”

ತುಕ್ಕು ಹಿಡಿದಿದೆ ಎಂದು ಸುಳ್ಳು ಹೇಳಿ ಕೆಲಸ ಮುಗಿಸಬಹುದಿತ್ತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದ.

“ಕೂತ್ಕೋ ಮಗಳೇ,” ಎಂದ. “ಹೇಳ್ತೀನಿ. ಆಮೇಲೆ ನೀನು ಬೇಡ ಅಂದ್ರೂ ಬಿಚ್ತೀನಿ. ಆದ್ರೆ ಮೊದಲು ಹೇಳ್ತೀನಿ.”